ಅವ್ವನ ಎಣಿಕೆ ತಪ್ಪಿಸಿದ ಮೊಬೈಲ್

ಮಾನ್ಯ ಸಂಪಾದಕರೇ,

ಮೊಬೈಲ್ ಮನೆಯಲ್ಲಿದ್ದರೆ ದೀಪ ಹತ್ತುವ, ಹೊರಗೆ ಹೋದರೆ ಆರುವ ವ್ಯವಸ್ಥೆಯನ್ನು ಹುಬ್ಬಳ್ಳಿಯ ನಮ್ಮ ಮನೆಗೂ ಹಾಕಿಸಿದ್ದೆ. ಕಳೆದ ತಿಂಗಳು ಒಂದು ಸಂಜೆ ಧಾರವಾಡದ ಬಸ್ ಹತ್ತಿದೆ. ನನ್ನ ಮೊಬೈಲ್ ವೈಫೈಯಿಂದ ಕಳಚಿಕೊಂಡ ಕೆಲವೇ ನಿಮಿಷಗಳಲ್ಲಿ ಮನೆಯ ದೀಪಗಳೆಲ್ಲ ಆರಿದವು. ಒಳಗೆ 78 ವರ್ಷದ ಅವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಸ್ವಿಚ್ ಒತ್ತಿದಳು, ಹತ್ತಲಿಲ್ಲ. ಕರೆಂಟ್ ಹೋಗಿದೆ ಎಂದುಕೊಂಡು ಗೋಡೆ ಸವರುತ್ತ ದೇವರ ಕೋಣೆಯ ಬೆಂಕಿಪೊಟ್ಟಣಕ್ಕೆ ಹೋದಳಂತೆ. ನಾನು ಮರಳಿದಾಗ ನೆಲದ ತುಂಬ ಜೋಳ ಚೆಲ್ಲಿತ್ತು. ಅವಳು ಬಿದ್ದಿರಲಿಲ್ಲ, ಅಷ್ಟೇ ನನ್ನ ಪುಣ್ಯ.

ಅವ್ವನ ಬಳಿ ಇರುವುದು ಬಟನ್ ಫೋನ್. ಯಂತ್ರದ ಲೆಕ್ಕದಲ್ಲಿ ಅವಳು ಮನೆಯಲ್ಲಿ ಇರಲೇ ಇಲ್ಲ.

ಸ್ಮಾರ್ಟ್‌ಫೋನ್ ಇದ್ದವರಿಗೂ ಪೂರ್ತಿ ಭರವಸೆಯಿಲ್ಲ. ಬ್ಯಾಟರಿ ಉಳಿಸಲು ನಿದ್ದೆಗೆ ಜಾರಿದ ಫೋನ್ ವೈಫೈಗೆ ಓಗೊಡದಿರಬಹುದು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಎಂಬ ಫೋನ್ ತಂತ್ರಾಂಶಗಳು ಬಂದ ಮೇಲಂತೂ ಫೋನ್‌ಗಳು ವೈಫೈಗೆ ತಮ್ಮ ಗುರುತಿನ ಸಂಖ್ಯೆಯಾದ ಮೂಲ ವಿಳಾಸದ ಬದಲು ಸಾಮಾನ್ಯವಾಗಿ ಬೇರೊಂದನ್ನು ತೋರಿಸುತ್ತವೆ; ಹಾಗಾಗಿ ಮನೆಯವರ ಫೋನನ್ನೇ ಯಂತ್ರ ಗುರುತಿಸದಿರಬಹುದು.

ಇಂಥದ್ದನ್ನು ಅಳವಡಿಸುವವರು ಮನೆಯಲ್ಲಿ ಯಾರ್ಯಾರಿದ್ದಾರೆಂದು ಮೊದಲು ಕೇಳಲಿ. ಹಿರಿಯರ ಕೋಣೆ, ಅಡುಗೆಮನೆ, ಬಚ್ಚಲ ದೀಪಗಳನ್ನು ಮೊಬೈಲ್ ನಂಬಿ ಆರಿಸಲೇಬಾರದು. ಅಲ್ಲಿ ಗೋಡೆಯ ಸ್ವಿಚ್ಚಿನದೇ ಕೊನೆಯ ಮಾತಾಗಿರಲಿ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ