ದೂರು: ನನ್ನ ಹೆಸರು ಜಂಕ್ ಕ್ಯಾರೆಕ್ಟರ್ ಅಲ್ಲ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಬೆಂಗಳೂರು ಕಚೇರಿ.

ವಿಷಯ: ಆನ್‌ಲೈನ್ ಗೇಮ್ ಇನ್‌ಸ್ಟಾಲ್ ಆಗದಿರುವುದು, ಆದಮೇಲೆ ಕ್ರ್ಯಾಶ್ ಆಗುವುದು, 2,499 ರೂಪಾಯಿ ವಾಪಸ್ ಕೊಡದಿರುವುದು, ಮತ್ತು ಇದಕ್ಕೆಲ್ಲ ನನ್ನ ಹೆಸರೇ ಕಾರಣ ಎಂದದ್ದು.

ಮಾನ್ಯರೇ,

ಇದು ನಿಮಗೆ ನನ್ನ ಏಳನೆಯ ಪತ್ರ. ಮೊದಲ ಆರಕ್ಕೂ "ನಿಮ್ಮ ಅನುಭವ ನಮಗೆ ಅಮೂಲ್ಯ" ಎಂಬ ಒಂದೇ ಉತ್ತರ ಬಂತು. ಇವತ್ತು ಬೆಳಿಗ್ಗೆ ಬಂದ ಮೇಲ್‌ನಲ್ಲಿ ಮಾತ್ರ ಹೊಸ ವಿಷಯವಿದೆ: ನನ್ನ ಸಮಸ್ಯೆ ಬಗೆಹರಿದಿದೆಯಂತೆ, ಟಿಕೆಟ್ ಮುಚ್ಚಿದ್ದೀರಂತೆ. ಸಿಟ್ಟು ಮಾಡಿಕೊಳ್ಳದೆ ಬರೆಯುತ್ತೇನೆ ಎಂದು ಮನೆಯಾಕೆಗೆ ಮಾತು ಕೊಟ್ಟು ಕೂತಿದ್ದೇನೆ. ನೋಡೋಣ.

ನಾನು ಚಾಮರಾಜಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡು, ಸಂಘದ ವಾರ್ಷಿಕ ವರದಿ. ಹಗಲೆಲ್ಲ ಕನ್ನಡ ಅಕ್ಷರದ ಜೊತೆಗೇ ಏಗಾಟ. ರಾತ್ರಿ ಹತ್ತರ ಮೇಲೆ ನಾನು, ಶಿವಮೊಗ್ಗದಲ್ಲಿರುವ ನನ್ನ ತಮ್ಮ ಒಂದು ಗಂಟೆ ಗೇಮ್ ಆಡುತ್ತೇವೆ. ಫೋನಿನಲ್ಲಿ ನಮ್ಮಿಬ್ಬರಿಗೂ ಮಾತು ಹೊರಡುವುದಿಲ್ಲ. ಆಟದಲ್ಲಾದರೆ "ಹಿಂದೆ ನೋಡೋ, ಬಂದ" ಅನ್ನುವುದರ ನಡುವೆಯೇ ಅಮ್ಮನ ಮಂಡಿನೋವು, ಅಡಿಕೆ ರೇಟು ಎಲ್ಲ ಮುಗಿದಿರುತ್ತದೆ. ನಿಮ್ಮ ಹೊಸ ಗೇಮನ್ನು ಸೀಸನ್ ಪಾಸ್ ಸಮೇತ ಇಬ್ಬರೂ ಒಂದೇ ದಿನ ಕೊಂಡೆವು. ಅವನದು ಓಡಿತು. ನನ್ನದು ಶೇಕಡಾ 3ಕ್ಕೆ ಬಂದು "ಎರರ್ 123" ಎಂದು ನಿಂತಿತು.

ನೀವು ಹೇಳಿದ್ದನ್ನೆಲ್ಲ ಮಾಡಿದೆ. ಆ್ಯಂಟಿವೈರಸ್ ಆಫ್ ಮಾಡಿದೆ, ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿದೆ, ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೆ, ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ತೆಗೆದು ಮತ್ತೆ ಹಾಕಿದೆ. 68 ಜಿಬಿಯನ್ನು ಎರಡು ಸಲ ಇಳಿಸಿಕೊಂಡೆ, ಎರಡನೆಯ ಸಲ ಅರ್ಧಕ್ಕೆ ಕರೆಂಟ್ ಹೋಯಿತು (ಅದು ನಿಮ್ಮ ತಪ್ಪಲ್ಲ, ಒಪ್ಪುತ್ತೇನೆ). ಕೊನೆಗೆ ನಿಮ್ಮ ಇನ್‌ಸ್ಟಾಲರ್ ಬರೆದಿಟ್ಟ ಲಾಗ್ ಫೈಲನ್ನು ನಾನೇ ತೆರೆದೆ. ಸಿ ಡ್ರೈವ್, ಯೂಸರ್ಸ್, ಆಮೇಲೆ ಐದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಆ್ಯಪ್‌ಡೇಟಾ, ಲೋಕಲ್, ಟೆಂಪ್.

ಆ ಐದು ಪ್ರಶ್ನಾರ್ಥಕ ಚಿಹ್ನೆ ಇರುವುದು ನನ್ನ ಹೆಸರಿನ ಜಾಗದಲ್ಲಿ. ಎಸ್.ಪಿ. ರೋಡಿನಲ್ಲಿ ಈ ಕಂಪ್ಯೂಟರ್ ಕಟ್ಟಿಸಿದ ದಿನ ವಿಂಡೋಸ್ ನನ್ನ ಹೆಸರು ಕೇಳಿತು, ಕನ್ನಡದಲ್ಲಿ ಬರೆದೆ. ವಿಂಡೋಸ್ ಮರುಮಾತಿಲ್ಲದೆ ಅದೇ ಹೆಸರಿನ ಫೋಲ್ಡರ್ ಮಾಡಿಕೊಟ್ಟಿತು. ಬರೆದರೆ ಮೂರು ಅಕ್ಷರ, ಒತ್ತು ಕೂಡ ಇಲ್ಲ. ಗುಡಿಸು, ದೀರ್ಘ ಬಿಡಿಸಿದರೆ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿ) ಲೆಕ್ಕಕ್ಕೆ ಐದು. ಒಂದಕ್ಕೊಂದು ಪ್ರಶ್ನೆ.

ನಿಮ್ಮ ಇಂಜಿನಿಯರುಗಳಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. 2001ರ ವಿಂಡೋಸ್ ಎಕ್ಸ್‌ಪಿ ಬರುವಾಗ ತುಂಗಾ ಎಂಬ ಕನ್ನಡ ಫಾಂಟನ್ನೂ ಹೊತ್ತು ತಂದಿತು. ವಿಂಡೋಸ್‌ನಲ್ಲಿ ಫೈಲಿನ ಹೆಸರು ಮುಟ್ಟುವ ಕೆಲಸಕ್ಕೆ ಎರಡು ಬಗೆಯ ಫಂಕ್ಷನ್‌ಗಳಿವೆ, ಎ ಅಕ್ಷರದಲ್ಲಿ ಮುಗಿಯುವ ಹಳೆಯವು, ಡಬ್ಲ್ಯೂನಲ್ಲಿ ಮುಗಿಯುವ ಯೂನಿಕೋಡ್‌ನವು. ಹಳೆಯವು ಹಳೆಯ ಕೋಡ್ ಪೇಜಿನ, ಅಂದರೆ ಕೆಲವೇ ಲಿಪಿಗಳ ಅಕ್ಷರವಿರುವ ಹಳೆಯ ಪಟ್ಟಿಯ, ಮೇಲೆ ನಡೆಯುತ್ತವೆ, ಕನ್ನಡಕ್ಕೆ ಅಂಥ ಕೋಡ್ ಪೇಜೇ ಇಲ್ಲ. ಅದಕ್ಕೇ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ವಿಂಡೋಸ್‌ನಲ್ಲಿ ಆ ಚಿಹ್ನೆಯನ್ನು ಯಾವ ಫೋಲ್ಡರಿಗೂ ಹೆಸರಾಗಿ ಇಡುವಂತಿಲ್ಲ. ಎರರ್ 123 ಹೇಳುವುದೂ ಅದನ್ನೇ, ಹೆಸರು ಸರಿಯಿಲ್ಲ ಅಂತ. ಡಬ್ಲ್ಯೂ ಫಂಕ್ಷನ್ ಬಳಸಿ, ಇಲ್ಲವೇ 2019ರ ವಿಂಡೋಸ್ 10ರಿಂದೀಚೆಗೆ ಇರುವಂತೆ ಪ್ರೋಗ್ರಾಮಿನ ಮ್ಯಾನಿಫೆಸ್ಟ್‌ನಲ್ಲಿ (ಪ್ರೋಗ್ರಾಮಿನ ವಿವರ ಬರೆದಿಡುವ ಫೈಲು) ಯುಟಿಎಫ್-8, ಅಂದರೆ ಯೂನಿಕೋಡ್ ಬರೆಯುವ ಒಂದು ಕ್ರಮ, ಎಂದು ಘೋಷಿಸಿ. ಲಗ್ನಪತ್ರಿಕೆ ಮಾಡುವವನು ನಿಮಗೆ ಇದನ್ನು ಬರೆದು ತಿಳಿಸಬೇಕಾಗಿ ಬಂತಲ್ಲ ಎಂದು ನನಗೇ ಸಂಕೋಚವಾಗುತ್ತಿದೆ.

ಇನ್ನು ಆ ಫೋನ್ ಕರೆ. ಮಂಗಳವಾರ, ಮಧ್ಯಾಹ್ನ ನಾಲ್ಕೂಕಾಲು. ನಿಮ್ಮ ಹುಡುಗ ಸ್ಕ್ರೀನ್ ಶೇರ್ ತೆಗೆದುಕೊಂಡಿದ್ದ, ನಾನು ಫೋನ್ ಸ್ಪೀಕರಿನಲ್ಲಿ ಹಾಕಿ ಮೇಜಿನ ಮೇಲಿಟ್ಟಿದ್ದೆ. ಎದುರಿಗೆ ಮಗಳ ಮದುವೆಯ ಕಾರ್ಡಿನ ಪ್ರೂಫ್ ನೋಡಲು ಬಂದ ಹಿರಿಯರೊಬ್ಬರು ಕೂತಿದ್ದರು.

"ಸರ್, ನಿಮ್ಮ ಯೂಸರ್‌ನೇಮ್‌ನಲ್ಲಿ ಜಂಕ್ ಕ್ಯಾರೆಕ್ಟರ್ಸ್ ಇವೆ."

"ಜಂಕ್ ಅಲ್ಲಪ್ಪ, ಅದು ನನ್ನ ಹೆಸರು."

"ಓಕೆ ಸರ್. ಆದ್ರೆ ಸ್ಪೆಷಲ್ ಸಿಂಬಲ್ಸ್‌ನಲ್ಲಿದೆ."

"ಕನ್ನಡದಲ್ಲಿದೆ."

"ಹಾಂ ಸರ್, ಅದೇ. ನಾರ್ಮಲ್ ಲೆಟರ್ಸ್‌ನಲ್ಲಿ ಹಾಕ್ಕೊಳ್ಳಿ."

ಇಷ್ಟೂ ನಡೆದದ್ದು ಕನ್ನಡದಲ್ಲೇ. ಹುಡುಗನ ಮಾತು ಹಾಸನದ ಕಡೆಯದು, ಕಿವಿಗೆ ಹಿತವಾಗಿತ್ತು. ಅವನ ಮೇಲೆ ನನಗೆ ಕೋಪವಿಲ್ಲ, ನೀವು ಕೊಟ್ಟ ಹಾಳೆಯನ್ನು ಓದುತ್ತಿದ್ದ. ಆದರೂ ಕೇಳಿದೆ: "ಸ್ಕೂಲಲ್ಲಿ ನಿನ್ನ ಹೆಸರು ಯಾವ ಲೆಟರ್ಸ್‌ನಲ್ಲಿ ಬರೀತಿದ್ದೆ?" ಉತ್ತರವಿಲ್ಲ. "ಒಂದ್ನಿಮಿಷ ಹೋಲ್ಡ್ ಮಾಡಿ ಸರ್" ಎಂದು ಸಂಗೀತ ಹಾಕಿದ. ಆ ಒಂದು ನಿಮಿಷ ಒಂಬತ್ತು ನಿಮಿಷವಾಯಿತು. ಎದುರಿಗಿದ್ದ ಹಿರಿಯರು ಪ್ರೂಫ್ ಕೆಳಗಿಟ್ಟು, ನಿಜವಾದ ಕಾಳಜಿಯಿಂದಲೇ ಕೇಳಿದರು, "ಹೆಸರು ಬದಲಾಯಿಸಬೇಕು ಅಂದ್ರೆ ಅಫಿಡವಿಟ್ ಮಾಡಿಸಿ ಪೇಪರಲ್ಲಿ ಹಾಕಿಸ್ಬೇಕಲ್ವಾ ಸಾರ್?" ನಾನು ನಕ್ಕೆ. ನಗಬಾರದಿತ್ತು, ಕಣ್ಣಲ್ಲಿ ನೀರು ಬಂತು.

ಹೋಲ್ಡಿನಿಂದ ವಾಪಸ್ ಬಂದವನು ನನ್ನಿಂದ ಇನ್ನೊಂದು ಖಾತೆ ಮಾಡಿಸಿ, ಅದರೊಳಗೆ ಕೂತು, ನನ್ನ ಹೆಸರಿನ ಫೋಲ್ಡರನ್ನು "ಗೇಮರ್ ಒನ್" ಎಂದು ಬದಲಾಯಿಸಿದ. ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಹಳೆಯ ಹೆಸರೇ ಉಳಿದಿತ್ತು, ಅದನ್ನು ಮುಟ್ಟಲಿಲ್ಲ. "ಈಗ ರೀಸ್ಟಾರ್ಟ್ ಮಾಡಿ ಸರ್, ಇನ್ನೇನಾದರೂ ಸಹಾಯ ಬೇಕಾ?" ಎಂದು ಕೇಳಿ ಕರೆ ಮುಗಿಸಿದ. ರೀಸ್ಟಾರ್ಟ್ ಆದಾಗ ವಿಂಡೋಸ್ ನನ್ನನ್ನು ಗುರುತು ಹಿಡಿಯದೆ ತಾತ್ಕಾಲಿಕ ಪ್ರೊಫೈಲಿಗೆ ನೂಕಿತು. ಡೆಸ್ಕ್‌ಟಾಪ್ ಮೇಲೆ ರೀಸೈಕಲ್ ಬಿನ್ ಬಿಟ್ಟರೆ ಏನೂ ಇಲ್ಲ. ಆ ಹಿರಿಯರ ಮಗಳ ಕಾರ್ಡು ಮರುದಿನ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕಿತ್ತು. ಅವರು ಖಾಲಿ ಪರದೆ ನೋಡಿದರು, ನನ್ನ ಮುಖ ನೋಡಿದರು, ಏನೂ ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಫೋಲ್ಡರಿಗೆ ನನ್ನ ಹೆಸರು ಮತ್ತೆ ಇಟ್ಟು, ಫೈಲುಗಳನ್ನು ಕಣ್ಣಾರೆ ನೋಡುವ ಹೊತ್ತಿಗೆ ರಾತ್ರಿ ಒಂದೂವರೆ.

ಆಮೇಲೆ ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರನ್ನು ಡಿ ಡ್ರೈವ್‌ಗೆ ತಿರುಗಿಸಿ ನಿಮ್ಮ ಗೇಮ್ ಇನ್‌ಸ್ಟಾಲ್ ಮಾಡಿದೆ. ಲೋಗೋ ಬಂತು, ಬಿತ್ತು. ಸೆಟ್ಟಿಂಗ್ಸ್ ಉಳಿಸಲು ಮತ್ತೆ ನನ್ನ ಹೆಸರಿನ ಫೋಲ್ಡರಿಗೇ ಹೋಗುತ್ತದಲ್ಲ. ಕ್ರ್ಯಾಶ್ ಆದದ್ದನ್ನು ನಿಮಗೆ ವರದಿ ಮಾಡುವ ಪ್ರೋಗ್ರಾಮೂ ಅಲ್ಲೇ ಹೋಗಿ ಅದೂ ಕ್ರ್ಯಾಶ್ ಆಯಿತು. ನಿಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಇಂಥ ದೂರು ಒಂದೂ ಬಂದಿಲ್ಲ ಎಂದಿರಿ. ಹೇಗೆ ಬಂದೀತು?

14 ದಿನದೊಳಗೆ ಕೇಳಿದರೆ, ಆಡಿದ್ದು 2 ಗಂಟೆ ಮೀರದಿದ್ದರೆ ಹಣ ವಾಪಸ್ ಎಂಬುದು ನಿಮ್ಮದೇ ನಿಯಮ. ನಾನು ಒಂಬತ್ತನೆಯ ದಿನ ಕೇಳಿದೆ. ನಾನು 3 ಗಂಟೆ 12 ನಿಮಿಷ ಆಡಿದ್ದೇನೆ ಎಂದು ತಿರಸ್ಕರಿಸಿದಿರಿ. "ದಯವಿಟ್ಟು ನಿರೀಕ್ಷಿಸಿ" ಎಂದು ಮಸುಕಾಗಿ ನಿಂತ ಕಿಟಕಿಯನ್ನೂ ನಿಮ್ಮ ಲಾಂಚರ್ (ಗೇಮ್ ತೆರೆಯುವ ಪ್ರೋಗ್ರಾಮು) ಆಟವೆಂದೇ ಎಣಿಸಿದೆ. ಆ ಆಟ ನನಗೆ ನಿಜಕ್ಕೂ ಚೆನ್ನಾಗಿ ಬರುತ್ತದೆ.

ಇಂಗ್ಲಿಷ್ ಹೆಸರಿನ ಖಾತೆ ಮಾಡಿಕೊಂಡರೆ ಗೇಮ್ ಓಡುತ್ತದೆ ಎಂದು ಗೊತ್ತು, ಓಡಿಸಿಯೂ ನೋಡಿದೆ. ಆಡುವುದಿಲ್ಲ. ನವೆಂಬರ್ 1ಕ್ಕೆ ನಿಮ್ಮ ಲಾಂಚರ್ ತುಂಬ "ಕನ್ನಡ ರಾಜ್ಯೋತ್ಸವದ ಶುಭಾಶಯಗಳು" ಎಂದು ಹಳದಿ-ಕೆಂಪಿನಲ್ಲಿ ಬರೆದು, ಅದೇ ಬಣ್ಣದ ಅಂಗಿಯನ್ನು 299 ರೂಪಾಯಿಗೆ ಮಾರಿದ್ದೀರಿ. ಮಾರುವುದಕ್ಕೆ ಬಂದ ಅಕ್ಷರ ಇನ್‌ಸ್ಟಾಲ್ ಮಾಡುವುದಕ್ಕೆ ಯಾಕೆ ಬರುವುದಿಲ್ಲ?

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯಲ್ಲಿ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮೊದಲ ಪತ್ರಕ್ಕೆ ಮೊನ್ನೆಗೆ ಎರಡು ತಿಂಗಳಾಯಿತು. ಹಣ ಕೊಟ್ಟರೆ ಕೊಡಿ, ಈಗ ಅದರ ಮೇಲೆ ನನಗೆ ಅಂಥ ಆಸೆಯಿಲ್ಲ. ಸೀಸನ್ ಮುಗಿಯಿತು, ತಮ್ಮ ಬೇರೆ ಯಾರ ಜೊತೆಗೋ ಆಡಿ ಮುಗಿಸಿದ. ನಾಳೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ನಾನಿರುವ ಊರಿನಲ್ಲೇ ಹಾಕಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರನ್ನು ಕನ್ನಡದಲ್ಲೇ ಟೈಪ್ ಮಾಡುತ್ತೇನೆ, ಅದು ನನ್ನ ಕಸುಬು. ಲಾಗ್ ಫೈಲಿನ ಆ ಒಂದು ಸಾಲನ್ನು ಹತ್ತಡಿ ಬಟ್ಟೆಯ ಬ್ಯಾನರಿನ ಮೇಲೆ ಅಚ್ಚು ಹಾಕಿಸಿ (ಊರಲ್ಲಿ ಫ್ಲೆಕ್ಸ್ ಹಾಕುವಂತಿಲ್ಲ, ಕಾನೂನು ಮೀರುವವನು ನಾನಲ್ಲ) ಬರುವ ನವೆಂಬರ್ 1ರಂದು ನಿಮ್ಮ ಗೇಟಿನ ಎದುರು ಹಿಡಿದು ನಿಲ್ಲುತ್ತೇನೆ. ಅಚ್ಚಿನ ಖರ್ಚು ನನ್ನದೇ.

ಇಂತಿ,
? ? ? ? ?
ಚಾಮರಾಜಪೇಟೆ, ಬೆಂಗಳೂರು