ಹಾಸ್ಟೆಲ್ಲಿನಲ್ಲಿರುವ ಮಗಳಿಗೊಂದು ಪತ್ರ

ಹಾಸನ,
ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ಭಾನುವಾರ ರೈಲು ಹೊರಡುವ ಮುನ್ನ ಸ್ಟೇಷನ್ನಿನಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ನಿನ್ನನ್ನು ಒಂದು ಮಾತೂ ಕೇಳದೆ, ಸದ್ದು, ಸ್ಪರ್ಶಗಳನ್ನು ನೀನು ಸಹಿಸಲಾರದ ವಿಷಯವನ್ನೆಲ್ಲ ಬರೆದು ವಾರ್ಡನ್ ಕೈಗೆ ಕೊಟ್ಟದ್ದು ನನ್ನ ತಪ್ಪು. ಫೋನಿನಲ್ಲೇ ಹೇಳೋಣವೆಂದರೆ ನೀನು ಎತ್ತುತ್ತಿಲ್ಲ. ಎತ್ತಿದರೆ ನಾನು ಅಳುತ್ತೇನೆ, ನನ್ನ ಅಳು ನಿನ್ನ ಕಿವಿಗೆ ಎಷ್ಟು ಹಿಂಸೆಯೆಂಬುದು ನನಗೆ ಗೊತ್ತು.

ಆ ಪತ್ರ ಬರೆಸಿದ್ದು ಒಂದು ಹಳೆಯ ಭಯ. ನಿನಗೆ 6 ವರ್ಷವಾಗಿದ್ದಾಗ ಚಿಕ್ಕಮ್ಮನ ಮದುವೆಯಲ್ಲಿ ನಡೆದದ್ದು ನಿನಗೆ ಎಷ್ಟು ನೆನಪಿದೆಯೋ ಕಾಣೆ. ಮಷಿನ್ ಮುಂದೆ ಕುಳಿತು ರವಿಕೆಗೆ ತೋಳು ಕೂಡಿಸುವಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಅಂದಿನ ನಿನ್ನ ರೇಷ್ಮೆ ಲಂಗ ಮತ್ತು ರವಿಕೆಯನ್ನು ನಾನೇ ಹೊಲಿದಿದ್ದೆ. ಗಿರಾಕಿಗಳ ಬಟ್ಟೆಗೆಲ್ಲ ಅಚ್ಚುಕಟ್ಟಾಗಿ ಲೈನಿಂಗ್ ಕೊಡುವ ನಾನು, ಮದುವೆಯ ಹೊಲಿಗೆಗಳ ಒತ್ತಡದಲ್ಲಿ, ನನ್ನ ಮಗಳ ರವಿಕೆಯ ತೋಳಿಗೆ ಎರಡು ಬೆರಳಗಲದ ಜರಿ ಬಾರ್ಡರ್ ಇಟ್ಟು ಲೈನಿಂಗ್ ಇಲ್ಲದೆ ಬಿಟ್ಟಿದ್ದೆ. ಬೆಳಗಿನಿಂದ ನೀನು "ಚುಚ್ಚುತ್ತೆ ಅಮ್ಮ" ಎನ್ನುತ್ತಲೇ ಇದ್ದೆ. ಗಟ್ಟಿಮೇಳ ಆಗುವವರೆಗೆ ಸುಮ್ಮನಿರು ಎಂದೆ. ನೀನು ಅಕ್ಷತೆಯನ್ನು ಮುಷ್ಟಿಯಲ್ಲಿ ಅಮುಕಿ ಹಿಡಿದು ಅಲ್ಲಿಯವರೆಗೂ ಸುಮ್ಮನಿದ್ದೆ. ವಾಲಗದವರ ಡೋಲು, ನಾಗಸ್ವರಗಳು ಒಮ್ಮೆಲೇ ಏರಿದಾಗ ಮಾತ್ರ ಕಿರುಚಿ ನೆಲಕ್ಕೆ ಬಿದ್ದು ರವಿಕೆಯನ್ನು ಕಿತ್ತೆಸೆಯಲು ಹೊರಟೆ. ಹೊಡೆದರೆ ಜನ ನೋಡುತ್ತಾರೆಂದು ನಾನು ನಿನ್ನನ್ನು ಬಿಗಿಯಾಗಿ ಅಪ್ಪಿ, ಸೆರಗಿನ ಮರೆಯಲ್ಲಿ ತೋಳನ್ನು ಚಿವುಟಿದೆ. ಗುರುತು ಮೂಡುವಷ್ಟು ಚಿವುಟಿದೆ. ನೀನು ಥಟ್ಟನೆ ಸುಮ್ಮನಾದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ತಾಯಿ ಅಪ್ಪಿದ ಕೂಡಲೇ ಮಗು ಹೇಗೆ ಸುಮ್ಮನಾಯಿತು ನೋಡಿ ಎಂದು ಮೆಚ್ಚಿಕೊಂಡರು. ನಾನು ಆ ಮೆಚ್ಚುಗೆಯನ್ನು ಇಟ್ಟುಕೊಂಡೆ.

ಮರುವರ್ಷ, ಕಿವಿಯಲ್ಲೇ ದೋಷವಿರಬಹುದೆಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದೆವು. ಕಿವಿ ಸರಿಯಾಗಿಯೇ ಇತ್ತು. ಆಮೇಲೆ ಥೆರಪಿಗೆ ಸೇರಿಸಿದಾಗ ಅಲ್ಲಿನ ಮೇಡಂ ನನ್ನನ್ನು ಕೂರಿಸಿ ಹೇಳಿದರು: ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮಗಳಲ್ಲದೆ ಒಳಗಿವಿಯಲ್ಲಿ ಸಮತೋಲನದ ಅರಿವೂ ಸ್ನಾಯು ಮತ್ತು ಕೀಲುಗಳಲ್ಲಿ ದೇಹದ ಅರಿವೂ ಇದೆ, ಇವೆಲ್ಲದರಿಂದ ಬರುವುದನ್ನು ಮಿದುಳು ಹೊಂದಿಸಿಕೊಳ್ಳುವ ರೀತಿ ಎಲ್ಲರಲ್ಲಿ ಒಂದೇ ಅಲ್ಲ, ಅಮೆರಿಕದ ಜೀನ್ ಏರ್ಸ್ ಎಂಬ ಥೆರಪಿಸ್ಟ್ 1972ರಷ್ಟು ಹಿಂದೆಯೇ ಇದರ ಬಗ್ಗೆ ಪುಸ್ತಕ ಬರೆದಿದ್ದಾರೆ ಎಂದು. ನಿನ್ನಂಥ ಮಗುವಿಗೆ ಹಗುರವಾದ ಸ್ಪರ್ಶ ಸಹಿಸಲಾಗದು, ಗಟ್ಟಿಯಾದ ಒತ್ತು ಹಿತವೆನಿಸುತ್ತದೆ ಎಂದೂ ಹೇಳಿದರು. ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಆ ದಿನ ನೀನು ಸುಮ್ಮನಾದದ್ದು ಚಿವುಟಿದ ನೋವಿಗೋ, ಅಪ್ಪಿದ ಬಿಗಿಗೋ? ಅಪ್ಪುಗೆಯೊಂದೇ ಸಾಕಿತ್ತು ಎಂದಾದರೆ ನನಗೆ ಅದನ್ನು ತಾಳಿಕೊಳ್ಳುವುದು ಇನ್ನೂ ಕಷ್ಟ.

ಮೈಸೂರಿನ ದಾರಿಯಲ್ಲಿ ಸಾಗರಕಟ್ಟೆಯ ಸೇತುವೆ ಬರುತ್ತಲೇ ರೈಲಿನ ಸದ್ದು ಬದಲಾಗುವುದನ್ನು ಕಲಿತು, ನಿನ್ನ ಕಿವಿಗಳನ್ನು ನಾನು ಮುಚ್ಚುವ ಮೊದಲೇ ನೀನು ಮುಚ್ಚಿಕೊಳ್ಳುತ್ತಿದ್ದೆ. ಮನೆಯಲ್ಲಿ ಜೋಕಾಲಿ ಕಟ್ಟಿದೆವು, ಚಪಾತಿ ಹಿಟ್ಟನ್ನು ನಿನ್ನಿಂದಲೇ ನಾದಿಸಿದೆ, ಕಂಬಳಿ ಚುಚ್ಚುತ್ತದೆಂದು ಹತ್ತಿಯ ಜಮಖಾನದಲ್ಲಿ ಸುತ್ತಿ ಮಲಗಿಸಿದೆ. ಈ ಥೆರಪಿಗಳಿಗೆ ಇನ್ನೂ ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲೇ ಹೇಳಿದೆಯೆಂದು ಪಿಯುಸಿಯಲ್ಲಿ ನೀನೇ ಓದಿ ತಿಳಿಸಿದೆ. ಇರಬಹುದು. ಜಮಖಾನದೊಳಗೆ ನಿನ್ನ ಉಸಿರು ನಿಧಾನವಾಗುತ್ತಿದ್ದುದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ಕಳೆದ ದೀಪಾವಳಿಯ ಸಮಯದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ, ನಾನು ಬೇಡವೆಂದರೂ ನೀನು ಕಿವಿಗೆ ಪ್ಲಗ್ ಹಾಕಿಕೊಂಡು, ನಸುಕಿನಲ್ಲೇ ಎದ್ದು ಸರದಿಯಲ್ಲಿ ನಿಂತು ದರ್ಶನ ಮಾಡಿ ಬಂದೆ. ವರ್ಷಕ್ಕೆ ಕೆಲವೇ ದಿನ ತೆರೆಯುವ ಗುಡಿಯ ಆ ನೂಕುನುಗ್ಗಲಿನಲ್ಲಿ ನಿಂತ ಹುಡುಗಿಗೆ ಹಾಸ್ಟೆಲ್ಲಿನ ಊಟದ ಮನೆ ದೊಡ್ಡದಲ್ಲವೆಂದು ನಾನು ತಿಳಿಯಬೇಕಿತ್ತು. ಆದರೆ ಆಮೇಲೆ ನೀನು ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗಿದ್ದನ್ನೂ ನಾನು ಕಂಡಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಆದರೆ ನಿನ್ನ ತೊಂದರೆಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ತೋರಿಸಲು ಸರ್ಟಿಫಿಕೇಟ್ ಇಲ್ಲದ ಕಷ್ಟವನ್ನು ಅಲ್ಲಿ ಯಾರಾದರೂ ಹಠವೆಂದುಕೊಂಡಾರು, ನನ್ನಂತೆಯೇ ಯಾರಾದರೂ ನಡೆದುಕೊಂಡಾರು ಎಂಬ ಭಯದಿಂದ ಬರೆದುಕೊಟ್ಟೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿದ್ದೆಗೆಟ್ಟ ದಿನ ಎಲ್ಲ ಸದ್ದೂ ಇಮ್ಮಡಿಯಾಗುತ್ತದೆಂಬುದನ್ನು ಮರೆಯಬೇಡ. ತಡೆಯಲಾಗದ ಘಟ್ಟದವರೆಗೆ ಕಾಯದೆ ಎದ್ದು ಹೊರಗೆ ಹೋಗು. ಯಾರ ಮರ್ಯಾದೆಗೂ ಅಂಜಿ ಕೂರಬೇಡ. ರೂಮಿನವರಿಗೆ ನೀನೇ ಬಾಯಿಬಿಟ್ಟು ಹೇಳಿದರೆ ಒಳ್ಳೆಯದು. ಹೇಳದಿದ್ದರೂ ಸರಿ, ಅದು ನಿನಗೆ ಬಿಟ್ಟದ್ದು. ಇಷ್ಟು ಬರೆಯಬಾರದೆಂದುಕೊಂಡೇ ಕುಳಿತಿದ್ದೆ. ವಾರ್ಡನ್ ಅವರಿಗೆ ಇಂದು ಫೋನ್ ಮಾಡಿ, ನನ್ನ ಪತ್ರವನ್ನು ನಿನ್ನ ಕೈಗೇ ಕೊಡುವಂತೆ ಕೇಳಿಕೊಂಡಿದ್ದೇನೆ. ಇಟ್ಟುಕೋ, ಇಲ್ಲವೇ ಹರಿದುಹಾಕು.

ಮದುವೆಯ ದಿನದ ಬಗ್ಗೆ ನಿನಗೆ ನೆನಪಿದ್ದರೆ, ಮನಸ್ಸಿದ್ದರೆ, ಎಂದಾದರೂ ಹೇಳು. ನಾನು ಚಿವುಟಿದ್ದು ಯಾವ ತೋಳೆಂಬುದೂ ನನಗೆ ಈಗ ಖಚಿತವಿಲ್ಲ.

ನಿಮ್ಮಪ್ಪ ಶನಿವಾರದ ರೈಲಿಗೆ ಬರುವಾಗ ಎರಡು ಕುರ್ತಾ ತರುತ್ತಾರೆ. ಎರಡರಲ್ಲೂ ಓವರ್‌ಲಾಕ್ ಮೈಗೆ ತಾಗದಂತೆ ಹೊಲಿಗೆಯನ್ನು ಹೊರಕ್ಕೆ ಬರಿಸಿದ್ದೇನೆ, ಕೊರಳಿಗೆ ಹಳೆಯ ಮಲ್ ಬಟ್ಟೆ ಕೊಟ್ಟಿದ್ದೇನೆ, ವಾಸನೆಯಿಲ್ಲದ ಸೋಪಿನಲ್ಲಿ ಮೂರು ಸಲ ಒಗೆದು ಗಂಜಿ ಬಿಡಿಸಿದ್ದೇನೆ. ನೀಲಿಯದರ ತೋಳು ಸ್ವಲ್ಪ ಬಿಗಿಯಾಯಿತೇನೋ ಎಂಬ ಅನುಮಾನವಿದೆ. ಬಿಚ್ಚಿಕೊಳ್ಳಲು ಅರ್ಧ ಇಂಚು ಬಟ್ಟೆ ಬಿಟ್ಟಿದ್ದೇನೆ.

ಇತಿ,
ನಿನ್ನ ಅಮ್ಮ