ಶೇ. 10 ಮೆದುಳಿನ ಕಟ್ಟುಕತೆ

ಸಂಪಾದಕರೇ,

ನಾವು ಮೆದುಳಿನ ಬರೀ ಶೇ. 10ರಷ್ಟನ್ನೇ ಬಳಸುತ್ತೇವೆ ಅನ್ನೋ ಮಾತು ಮೊನ್ನೆ ಮತ್ತೆ ಕಿವಿಗೆ ಬಿತ್ತು, ಅದೂ ಚೆನ್ನಾಗಿ ಓದಿಕೊಂಡವರ ಬಾಯಲ್ಲಿ! ಇದು ಸುಮ್ನೆ ಕಟ್ಟುಕತೆ. ನಿದ್ದೆಯಲ್ಲೂ ಮೆದುಳು ಕೆಲಸ ನಿಲ್ಲಿಸುವುದಿಲ್ಲ. ಸುಮಾರು 1.4 ಕಿಲೋ ತೂಗುವ ಇದು ಮೈತೂಕದಲ್ಲಿ ಶೇ. 2ರಷ್ಟೇ ಇದ್ದರೂ, ನಾವು ಆರಾಮಾಗಿ ಕೂತಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಹತ್ತಿರ ಹತ್ತಿರ ಶೇ. 20ರಷ್ಟನ್ನು ನುಂಗುತ್ತದೆ. ಒಂಬತ್ತು ಪಾಲು ದಂಡವಾಗಿದ್ದರೆ ಅದಕ್ಕೆ ಇಷ್ಟು ಖರ್ಚಾಗುತ್ತಿತ್ತಾ?

ಬೆರಗು ಬೇಕಿದ್ದರೆ ನಿಜದಲ್ಲೇ ಬೇಕಾದಷ್ಟಿದೆ. ಕತ್ತಲಲ್ಲಿ ಕಾಲಿನ ಕಿರುಬೆರಳು ಮಂಚಕ್ಕೆ ಬಡಿಯುತ್ತದೆ ಅಲ್ವಾ? ಮೊದಲು ಚುಚ್ಚಿದಂಥ ನೋವು. 'ಸದ್ಯ, ಇಷ್ಟೇ' ಅನ್ನುವಷ್ಟರಲ್ಲಿ ಎರಡನೆಯದು ಬರುತ್ತದೆ, ಉರಿಯುತ್ತಾ, ಜಗ್ಗುತ್ತಾ. ನೋವಿನ ಸುದ್ದಿ ಒಯ್ಯುವ ನರತಂತುಗಳಲ್ಲಿ ಎರಡು ಬಗೆ. ಮಯಲಿನ್ ಎಂಬ ಕೊಬ್ಬಿನ ತೆಳು ಹೊದಿಕೆ ಇರುವವುಗಳಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ; ಮೊದಲ ನೋವು ಇವುಗಳದ್ದು. ಹೊದಿಕೆ ಇಲ್ಲದವುಗಳಲ್ಲಿ ಅದು ಸೆಕೆಂಡಿಗೆ 1 ಮೀಟರ್ ಆಸುಪಾಸಿನಲ್ಲಿ ತೆವಳುತ್ತದೆ; ಎರಡನೆಯ ನೋವು ಇವುಗಳದ್ದು. ಆಗ ನಾವು ಬೆರಳನ್ನು ಗಬಕ್ಕನೆ ಹಿಡಿದು ಉಜ್ಜುತ್ತೇವಲ್ಲ, ಅದೂ ಪೆದ್ದುತನ ಅಲ್ಲ. ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲೇ ನೋವಿನ ಸುದ್ದಿಗೆ ಸ್ವಲ್ಪ ಅಡ್ಡ ನಿಲ್ಲುತ್ತದೆ.

ಪತ್ರಿಕೆಯಲ್ಲಿ 'ಮೆದುಳಿನ ರಹಸ್ಯ ಶಕ್ತಿ' ಕಡಿಮೆ ಮಾಡಿ, ಇಂಥದ್ದನ್ನು ಸ್ವಲ್ಪ ಜಾಸ್ತಿ ಬರೆಸಿ.

– ಒಬ್ಬ ಓದುಗ